ಬೀಗ ಹಾಕಿದ ಮನೆಯೊಳಗೆ ಬೆಲ್ಲ: ಒಂದು ನಾಯಿಮರಿಯ ಪ್ರಕರಣ

ನಮ್ಮ ನಾಯಿಮರಿಯ ಹೆಸರು ಬೆಲ್ಲ. ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ ಬಂದದ್ದು, ಮೈಬಣ್ಣವೂ ಅಚ್ಚುಬೆಲ್ಲದ್ದೇ. ಅದನ್ನು ಮೊದಲ ಸಲ ಒಂಟಿಯಾಗಿ ಬಿಟ್ಟು ಹೋದ ದಿನ ಏನಾಯಿತು, ಆಮೇಲೆ ನಾವು ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಮರಿ ತಂದ ಹೊಸದರಲ್ಲಿ ಇದೆಲ್ಲ ನಮಗೆ ಗೊತ್ತಿದ್ದಿದ್ದರೆ ಆ ಭಾನುವಾರ ಬೆಲ್ಲ ಪಟ್ಟ ಪಾಡು ತಪ್ಪುತ್ತಿತ್ತು.

ಮನೆ ಮತ್ತು ಮರಿ

ನಮ್ಮ ಮನೆ ಮಂಡ್ಯದ ಗುತ್ತಲು ರಸ್ತೆ ಕಡೆ. ಇರುವುದು ಮೂರು ಜನ. ನಾನು ಹೈಸ್ಕೂಲ್ ಟೀಚರ್, ಶಾಲೆಗೆ ಸ್ಕೂಟರ್‌ನಲ್ಲಿ ಹತ್ತು ನಿಮಿಷ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಟ್ರೈನಿನಲ್ಲಿ ಮೈಸೂರಿಗೆ ಹೋಗಿ ರಾತ್ರಿ ಏಳರ ಹೊತ್ತಿಗೆ ಬರುತ್ತಾರೆ. ಅತ್ತೆ ಮನೆಯಲ್ಲೇ ಇರುತ್ತಾರೆ. ಅವರಿದ್ದಾರೆ ಅನ್ನುವ ಧೈರ್ಯದ ಮೇಲೇ ನಾವು ಮರಿ ತಂದದ್ದು.

ನವೆಂಬರ್ ಮಧ್ಯದಲ್ಲಿ ಬೆಲ್ಲ ಬಂತು. ಪಶುವೈದ್ಯರು ಹಲ್ಲು ನೋಡಿ ಎಂಟು ವಾರ ಆಗಿರಬಹುದು ಅಂದರು. ಜಂತುಹುಳದ ಔಷಧಿ ಅವತ್ತೇ ಆಯಿತು, ಮೊದಲನೇ ಲಸಿಕೆ ವಾರ ಬಿಟ್ಟು. ಪಾರ್ವೊ ಮತ್ತು ಡಿಸ್ಟೆಂಪರ್ ಮರಿಗಳ ಜೀವ ತೆಗೆಯುವ ರೋಗಗಳು. ಅವುಗಳ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸುತ್ತಾ ಬರಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೀದಿನಾಯಿಗಳ ಜೊತೆ ಬೆರೆಯಲು ಬಿಡುವ ಹಾಗಿಲ್ಲ. ನಮ್ಮ ಗೇಟಿನ ಸಂದಿಯಲ್ಲಿ ಅವು ಸಲೀಸಾಗಿ ನುಗ್ಗುತ್ತವೆ. ಹಾಗಾಗಿ ಕಾಂಪೌಂಡಿನಲ್ಲಿ ಬಿಟ್ಟು ಹೋದರೆ ಅದರ ಪಾಡಿಗೆ ಅದು ಇರುತ್ತೆ ಅನ್ನುವ ಮಾತು ನಮಗೆ ಆಗಿಬರಲಿಲ್ಲ.

ಬೆಲ್ಲ ಹುಟ್ಟಿದ ಜಾಗವನ್ನು ಸ್ವಲ್ಪ ಹೇಳಬೇಕು. ಗಾಣದ ಹಿಂದೆ ಒಣಹಾಕಿದ ಕಬ್ಬಿನ ಸಿಪ್ಪೆಯ ಗುಡ್ಡೆ. ಅದರೊಳಗೆ ತಾಯಿ, ಐದು ಮರಿ. ಕೊಪ್ಪರಿಗೆ ಕೆಳಗೆ ಬೆಂಕಿ, ಸುತ್ತ ಜನ, ಟ್ರ್ಯಾಕ್ಟರ್ ಸದ್ದು. ರಾತ್ರಿ ಎಚ್ಚರವಾದರೂ ಪಕ್ಕದಲ್ಲಿ ಇನ್ನೊಂದು ಬೆಚ್ಚಗಿನ ಮೈ ಇರುತ್ತಿತ್ತು. ನಮ್ಮ ಕಡೆ ಹಳ್ಳಿ ನಾಯಿಗಳೆಲ್ಲ ಹೀಗೇ ಬೆಳೆದವು. ಜಗಲಿ, ಕೊಟ್ಟಿಗೆ, ಹೊಲ ಎಲ್ಲೇ ಇದ್ದರೂ ಕಣ್ಣಳತೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಬೀಗ ಹಾಕಿದ ಖಾಲಿ ಮನೆ ಅನ್ನುವುದು ಅವುಗಳ ಬಾಳಿನಲ್ಲಿ ಇರಲೇ ಇಲ್ಲ.

ನಮ್ಮ ಮನೆಗೆ ಬಂದ ಮೇಲೂ ಹಾಗೇ ಆಯಿತು. ಅತ್ತೆ ಸ್ನಾನಕ್ಕೆ ಹೋದರೆ ಬೆಲ್ಲ ಬಚ್ಚಲುಮನೆ ಬಾಗಿಲ ಮುಂದೆ. ಅವರೆಕಾಯಿ ಬಿಡಿಸಲು ಕೂತರೆ ಮೊರದ ಪಕ್ಕ. ರಾತ್ರಿ ಅವರ ಚಾಪೆಯ ತುದಿಯಲ್ಲಿ. ನಾಲ್ಕು ವಾರದಲ್ಲಿ ಅದು ಒಂದು ನಿಮಿಷ ಕೂಡ ಒಂಟಿಯಾಗಿ ಇರಲಿಲ್ಲ. ನೋಡಿದವರೆಲ್ಲ ಎಷ್ಟು ಚೆನ್ನಾಗಿ ಸಾಕಿದ್ದೀರಿ ಅಂದರು. ನಮಗೂ ಖುಷಿಯೇ. ತೊಂದರೆ ಬೆಳೆಯುತ್ತಿದ್ದದ್ದೂ ಅಲ್ಲೇ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಆ ಭಾನುವಾರ

ಧನುರ್ಮಾಸ ಹಿಡಿಯುವ ಮುಂಚಿನ ಭಾನುವಾರ ಅದು. ಮದ್ದೂರಿನಲ್ಲಿ ನೆಂಟರ ಗೃಹಪ್ರವೇಶ, ಮೂವರೂ ಹೋಗಲೇಬೇಕಿತ್ತು. ಬೆಲ್ಲನಿಗೆ ಆಗ ಹನ್ನೆರಡು ವಾರ. ಹಿಂದಿನ ಕೋಣೆಯಲ್ಲಿ ನೀರು, ಹಾಲು ಹಾಕಿ ಕಲಸಿದ ಮುದ್ದೆ, ಹಳೇ ಬೆಡ್‌ಶೀಟು ಇಟ್ಟು, ಬಾಗಿಲು ಹಾಕಿ ಹತ್ತು ಗಂಟೆಗೆ ಹೊರಟೆವು. ವಾಪಸ್ ಬಂದಾಗ ಒಂದೂ ಮುಕ್ಕಾಲು.

ಎದುರುಮನೆ ದೊಡ್ಡಮ್ಮ ಗೇಟಿನ ಹತ್ತಿರವೇ ನಿಂತಿದ್ದರು. "ಏನ್ ಕಂದ, ನೀವ್ ಹೋದ್ ಗಳಿಗೆಯಿಂದ ಒಂದೇ ಸಮ ಅರಚ್ಕತಿತ್ತು ಕನವ್ವ. ಈಗ ಒಂದ್ ಗಳಿಗೆಯಿಂದ ಸದ್ದೇ ಇಲ್ಲ, ನಂಗೆ ದಿಗಿಲಾಯ್ತು" ಅಂದರು.

ಬಾಗಿಲು ತೆಗೆದಾಗ ಬೆಲ್ಲ ಓಡಿ ಬರಲಿಲ್ಲ. ಮೂಲೆಯಲ್ಲಿ ಕೂತು ನಡುಗುತ್ತಿತ್ತು. ಬಾಗಿಲ ಕೆಳಗಿನ ಅಂಚಿನಲ್ಲಿ ಒಂದು ಗೇಣಗಲ ಬಣ್ಣ ಕಿತ್ತು ಬಿಳಿ ಮರ ಕಾಣುತ್ತಿತ್ತು. ಮುಂಗಾಲಿನ ಎರಡು ಉಗುರಿನ ಬುಡದಲ್ಲಿ ರಕ್ತ. ಗದ್ದದಿಂದ ಎದೆಯವರೆಗೆ ಜೊಲ್ಲು ಇಳಿದು ಕೂದಲು ಅಂಟಿಕೊಂಡಿತ್ತು. ಮೂರು ಕಡೆ ಹೊಲಸು ಮಾಡಿ, ಅದರ ಮೇಲೇ ಓಡಾಡಿತ್ತು. ನೀರಿನ ಬಟ್ಟಲು ಬೋರಲು ಬಿದ್ದಿತ್ತು. ದಿನಾ ಬಟ್ಟಲು ನೆಕ್ಕಿ ನೆಕ್ಕಿ ಹೊಳೆಯುವಂತೆ ಮಾಡುವ ಮರಿ ಅವತ್ತು ಮುದ್ದೆಯನ್ನು ಮೂಸಿಯೂ ನೋಡಿರಲಿಲ್ಲ. ಅದಕ್ಕೆ ಇರುವೆ ಮುತ್ತಿದ್ದವು.

ನಮ್ಮ ಯಜಮಾನರು ನೆಲ ನೋಡಿ ಒಂದು ಸಲ ಜೋರಾಗಿ ಗದರಿದರು. ಬೆಲ್ಲ ಕಿವಿ ಹಿಂದಕ್ಕೆ ಮಡಚಿ, ಬಾಲ ಮುದುರಿ ನೆಲಕ್ಕೆ ಅಂಟಿಕೊಂಡಿತು. "ತಪ್ಪು ಮಾಡಿದ್ದು ಅದ್ಕೇ ಗೊತ್ತು ನೋಡು" ಅಂದರು ಅತ್ತೆ. ಎಲ್ಲ ಮನೆಯಲ್ಲೂ ಹೇಳುವ ಮಾತು ಇದು. ಆದರೆ ನಿಜ ಅಲ್ಲ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಬೇಡ ಅಂದ ತಿಂಡಿಯನ್ನು ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಇರಲಿಲ್ಲ. ಯಜಮಾನ ಗದರಿದರೆ ಸಾಕು, ಏನೂ ಮಾಡದ ನಾಯಿಯೂ ತಪ್ಪಿತಸ್ಥನ ಹಾಗೆ ತಲೆ ತಗ್ಗಿಸುತ್ತಿತ್ತು. ಅಂದರೆ ನಾವು ನೋಡಿದ್ದು ಪಶ್ಚಾತ್ತಾಪವನ್ನಲ್ಲ. ಮೂರೂ ಮುಕ್ಕಾಲು ಗಂಟೆ ಹೆದರಿದ್ದ ಮರಿ, ನಾವು ಬಂದ ಮೇಲೆ ಇನ್ನೊಂದು ಸಲ ಹೆದರಿತು. ಅಷ್ಟೇ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಮಯದ ಲೆಕ್ಕವನ್ನೂ ನಾವು ತಪ್ಪಿದ್ದೆವು. ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ, ಹೆಚ್ಚೆಂದರೆ ಇನ್ನೊಂದು ಗಂಟೆ ಉಚ್ಚೆ ತಡೆದುಕೊಳ್ಳಬಲ್ಲದು ಅನ್ನುವುದು ನಾಯಿ ಸಾಕುವವರ ರೂಢಿಯ ಲೆಕ್ಕ. ಅದೂ ನೆಮ್ಮದಿಯಾಗಿ ಮಲಗಿದ್ದರೆ. ನಾವು ಆ ಕೊನೆಯ ಅಂಚಿನವರೆಗೆ ಬಿಟ್ಟಿದ್ದೆವು, ಅದೂ ಮೊದಲ ದಿನವೇ.

ಇದು ಸುಮ್ನೆ ಒಂದು ದಿನದ ಗೋಳು ಅಂತ ಬಿಡುವ ಹಾಗೂ ಇರಲಿಲ್ಲ. ನಾದಿನಿಗೆ ಎರಡನೇ ಹೆರಿಗೆ. ದೊಡ್ಡ ಮಗು ಶಾಲೆಗೆ ಹೋಗುತ್ತಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಅತ್ತೆಯೇ ನಾಗಮಂಗಲಕ್ಕೆ ಹೋಗಿ ಮೂರು ತಿಂಗಳು ಬಾಣಂತನಕ್ಕೆ ನಿಲ್ಲಬೇಕಿತ್ತು. ನಮಗೆ ಸಿಕ್ಕಿದ್ದು ಐದು ವಾರ.

ಹಳೇ ಫೋನು ತೋರಿಸಿದ್ದು

ಮಾರನೇ ದಿನ ಮೊದಲು ಪಶುವೈದ್ಯರ ಹತ್ತಿರ ಹೋದೆ. ಹೊಟ್ಟೆ ಕೆಟ್ಟಿದ್ದರೂ, ಹುಳ ಇದ್ದರೂ ಮರಿ ಕಂಡಲ್ಲಿ ಹೊಲಸು ಮಾಡುತ್ತದೆ. ಅದನ್ನು ನೋಡದೆ ಎಲ್ಲವನ್ನೂ ಹೆದರಿಕೆಯ ತಲೆಗೆ ಕಟ್ಟಬಾರದು. ಅವರು ಎಲ್ಲ ಸರಿ ಇದೆ ಅಂದರು. ಉಗುರಿಗೆ ಹಚ್ಚಲು ಔಷಧಿ ಕೊಟ್ಟರು. ಮರಿ ಒಂಟಿಯಾಗಿರುವಾಗ ಏನು ಮಾಡುತ್ತೆ ಅಂತ ಒಂದು ವಿಡಿಯೋ ಮಾಡಿ ತನ್ನಿ ಅಂದರು. ಇಡೀ ಪ್ರಕರಣದಲ್ಲಿ ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಒಂದು ಮಾತು.

ಮಂಗಳವಾರ ಸಂಜೆ ಹಳೇ ಫೋನನ್ನು ಹಾಲಿನ ಷೆಲ್ಫ್ ಮೇಲೆ ನಿಲ್ಲಿಸಿ ರೆಕಾರ್ಡಿಂಗ್ ಹಾಕಿದೆ. ಎಲ್ಲರೂ ಹೊರಗೆ ಬಂದು ಐದು ನಿಮಿಷ ರಸ್ತೆ ತಿರುವಿನಲ್ಲಿ ನಿಂತೆವು. ವಾಪಸ್ ಬಂದು ನೋಡಿದರೆ, ನಾನು ಅಂದುಕೊಂಡಿದ್ದೇ ಬೇರೆ, ಅಲ್ಲಿ ಇದ್ದದ್ದೇ ಬೇರೆ.

ಬಾಗಿಲು ಹಾಕಿದ ಮೇಲೆ ಹೆದರಿಕೆ ಶುರುವಾಗುತ್ತೆ ಅಂತ ನಾನು ತಿಳಿದಿದ್ದೆ. ವಿಡಿಯೋದಲ್ಲಿ ನಾನಿನ್ನೂ ಹೆಲ್ಮೆಟ್ ಎತ್ತಿಕೊಳ್ಳುತ್ತಿದ್ದೇನೆ, ಬೆಲ್ಲ ಆಗಲೇ ಎದ್ದು ನಿಂತಿದೆ. ಬೀಗದ ಕೈ ಸದ್ದಾದಾಗ ಒಂದು ಮುಂಗಾಲು ಮೇಲಕ್ಕೆತ್ತಿ ನಾಲಿಗೆಯಿಂದ ಮೂಗು ಸವರಿಕೊಂಡಿತು. ಬಾಗಿಲು ಮುಚ್ಚಿತು. ಆಮೇಲೆ ಸುಮಾರು ನಲವತ್ತು ಸೆಕೆಂಡ್ ಏನೂ ಇಲ್ಲ. ಬಾಗಿಲನ್ನೇ ನೋಡುತ್ತಾ ನಿಂತಿತ್ತು, ನಾವು ಈಗ ಬರುತ್ತೇವೆ ಅನ್ನುವ ಹಾಗೆ. ಗೇಟಿನ ಚಿಲಕದ ಸದ್ದಾದಾಗ ಸಣ್ಣಗೆ ಕುಂಯ್ ಅಂದಿತು. ಒಂದೂವರೆ ನಿಮಿಷಕ್ಕೆ ಅತ್ತೆಯ ಚಾಪೆಯ ಹತ್ತಿರ ಓಡಿ ಮೂಸಿತು. ಎರಡನೇ ನಿಮಿಷಕ್ಕೆ ಬಾಗಿಲು ಕೆರೆಯಲು ಶುರು. ಮೂರನೇ ನಿಮಿಷದಿಂದ ತಲೆ ಎತ್ತಿ ಊಳಿಟ್ಟಿತು. ನಮ್ಮ ಯಜಮಾನರು ಅಲ್ಲಿಗೆ ಫೋನ್ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿಬಿಟ್ಟರು. ಭಾನುವಾರ ಗದರಿದ್ದು ಅವರನ್ನು ಚುಚ್ಚುತ್ತಿತ್ತು.

ಎರಡು ವಿಷಯ ಗೊತ್ತಾಯಿತು. ಹೆಲ್ಮೆಟ್ಟು, ಬೀಗದ ಕೈ, ಚಿಲಕ ಎಲ್ಲ ಅದಕ್ಕೆ ಕೆಟ್ಟ ಸುದ್ದಿಯ ಗುರುತುಗಳಾಗಿವೆ. ಒಂದೇ ಒಂದು ಭಾನುವಾರ ಸಾಕಾಯಿತು ಅದಕ್ಕೆ. ಇನ್ನೊಂದು, ಬೆಲ್ಲನಿಗೆ ಒಂಟಿಯಾಗಿ ಇರಲು ಬರುವುದು ನಲವತ್ತು ಸೆಕೆಂಡ್ ಮಾತ್ರ. ನಾವು ಶುರು ಮಾಡಬೇಕಾದದ್ದು ಆ ನಲವತ್ತರ ಒಳಗಿಂದ.

ಅರ್ಧ ನಿಮಿಷದಿಂದ

ಸಲಹೆಗಳಿಗೆ ಬರ ಇರಲಿಲ್ಲ. ಅತ್ತು ಅತ್ತು ಸುಮ್ಮನಾಗುತ್ತೆ, ಬಿಟ್ಟುಬಿಡಿ ಅಂದವರೇ ಜಾಸ್ತಿ. ಅದು ಸುಮ್ಮನಾದದ್ದನ್ನು ನಾನು ಭಾನುವಾರ ನೋಡಿದ್ದೆ. ಶಕ್ತಿ ಮುಗಿದು ಮೂಲೆ ಸೇರಿತ್ತು. ಅದನ್ನು ಕಲಿತದ್ದು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಚೈನಿನಲ್ಲಿ ಕಟ್ಟಿ ಹೋಗಿ ಅಂದರು ಕೆಲವರು. ಹೆದರಿ ಎಗರಾಡುವ ಮರಿಗೆ ಕುತ್ತಿಗೆಯಲ್ಲಿ ಚೈನು ಇದ್ದರೆ ಉರುಳೇ ಆಗಬಹುದು. ಕಾಲರ್ ಕೂಡ ಬಿಚ್ಚಿಯೇ ಬಿಡಬೇಕು. ಜೊತೆಗೆ ಇನ್ನೊಂದು ಮರಿ ತನ್ನಿ ಅಂತಲೂ ಅಂದರು. ಬೆಲ್ಲ ಹುಡುಕಿದ್ದು ಅತ್ತೆಯನ್ನು, ಇನ್ನೊಂದು ನಾಯಿಯನ್ನಲ್ಲ. ಎರಡನೆಯದೂ ಇದರ ಜೊತೆ ಸೇರಿ ಊಳಿಡುವುದನ್ನು ಕಲಿತರೆ ಏನು ಮಾಡುವುದು?

ಮೊದಲ ವಾರ ಬೆಲ್ಲನನ್ನು ಒಂಟಿಯಾಗಿ ಬಿಟ್ಟು ಹೋಗಲೇ ಇಲ್ಲ. ಬಡಗಿಯ ಹತ್ತಿರ ಎರಡೂವರೆ ಅಡಿ ಎತ್ತರದ ಮರದ ಅಡ್ಡಗೇಟು ಮಾಡಿಸಿ ಅಡುಗೆಮನೆ ಬಾಗಿಲಿಗೆ ಇಟ್ಟೆವು. ಅತ್ತೆ ಒಳಗೆ ಒಗ್ಗರಣೆ ಹಾಕುತ್ತಿದ್ದರೆ ಬೆಲ್ಲ ಈಚೆ. ಕಾಣುತ್ತಾರೆ, ವಾಸನೆ ಬರುತ್ತೆ, ಕಾಲಿಗೆ ಸುತ್ತಿಕೊಳ್ಳಲು ಮಾತ್ರ ಆಗದು. ಅತ್ತೆಗೆ ಇದು ಕಷ್ಟವಾಯಿತು. "ಪಾಪ ಕನವ್ವ, ಹೆಂಗ್ ನೋಡ್ತದೆ" ಅಂತ ಎರಡು ದಿನ ಗೇಟು ತೆಗೆದೇ ಬಿಟ್ಟಿದ್ದರು. ನಾನು ಬಲವಂತ ಮಾಡಲಿಲ್ಲ, ವಿಡಿಯೋ ತೋರಿಸಿದೆ. ಅದನ್ನು ಪೂರ್ತಿ ನೋಡಿದ ಮೇಲೆ ಗೇಟು ಹಾಕುವುದರಲ್ಲಿ ಅವರೇ ನಮಗಿಂತ ಗಟ್ಟಿಯಾದರು.

ಗುರುತುಗಳ ಕೆಲಸ ನನ್ನದು. ಸಂಜೆ ಶಾಲೆಯಿಂದ ಬಂದ ಮೇಲೆ ಬೀಗದ ಕೈ ಗಲಗಲ ಅನ್ನಿಸಿ ಮತ್ತೆ ಮೊಳೆಗೆ ನೇತುಹಾಕುತ್ತಿದ್ದೆ. ಹೆಲ್ಮೆಟ್ ಹಾಕಿಕೊಂಡೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಗೇಟಿನ ಚಿಲಕ ತೆಗೆದು, ಹಾಕಿ, ಒಳಗೆ ಬರುತ್ತಿದ್ದೆ. ದಿನಕ್ಕೆ ಹತ್ತು ಹದಿನೈದು ಸಲ. ಮೊದಲ ದಿನ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದ ಮರಿ ಆರನೇ ದಿನದ ಹೊತ್ತಿಗೆ ಒಂದು ಕಣ್ಣು ತೆರೆದು ಮುಚ್ಚಿತು.

ಎರಡನೇ ವಾರ ಬಾಗಿಲು ಹಾಕಿ ಹೊರಗೆ. ಇಪ್ಪತ್ತು ಸೆಕೆಂಡ್. ಮೂವತ್ತು. ಮತ್ತೆ ಹದಿನೈದು. ಸುಮ್ಮನೆ ಏರಿಸುತ್ತಾ ಹೋಗಲಿಲ್ಲ, ನಡುನಡುವೆ ಇಳಿಸುತ್ತಿದ್ದೆವು. ಪ್ರತಿ ಸಲವೂ ಹೋದ ಸಲಕ್ಕಿಂತ ಜಾಸ್ತಿ ಹೊತ್ತು ಆಗುತ್ತಾ ಹೋದರೆ ಮರಿಗೆ ಅದೂ ಗೊತ್ತಾಗಿಬಿಡುತ್ತದೆ. ಅಳಲು ಶುರು ಮಾಡುವ ಮುಂಚೆ ಒಳಗೆ ಬರಬೇಕು, ಅದೊಂದೇ ನಿಯಮ. ಅತ್ತಾಗ ಒಳಗೆ ಬಂದರೆ ಅಳುವುದನ್ನೇ ಕಲಿಯುತ್ತೆ ಅಂತ ಹೆದರಿಸುವವರಿದ್ದಾರೆ. ನಮ್ಮ ಲೆಕ್ಕ ತಪ್ಪಿ ಎರಡು ಮೂರು ಸಲ ಅತ್ತಿತು. ನಾವು ಒಳಗೆ ಬಂದೆವು, ಮುಂದಿನ ಸಲ ಹೊತ್ತು ಅರ್ಧ ಮಾಡಿದೆವು. ಅದರಿಂದ ಏನೂ ಕೆಡಲಿಲ್ಲ. ಹೆದರಿದ ಮರಿಯ ಅಳು ಹಟ ಅಲ್ಲ.

ಹೊರಡುವಾಗ ಮಾತಾಡಿಸಬಾರದು ಅನ್ನುವುದು ಇನ್ನೊಂದು ಸಲಹೆ. ಇದಕ್ಕೆ ಅತ್ತೆ ಒಪ್ಪಲೇ ಇಲ್ಲ. ಮನೆಯಿಂದ ಹೊರಡುವವರು ಹೇಳದೆ ಹೋಗುವುದುಂಟೇ? "ಬತ್ತೀನಿ ಕನಪ್ಪ" ಅಂತ ಒಂದೇ ಮಾತು, ಮಾಮೂಲಿ ದನಿಯಲ್ಲಿ. ಎತ್ತಿ ಮುದ್ದಾಡುವುದು, ಕಣ್ಣೀರು ಹಾಕುವುದು ಬೇಡ ಅಂತ ರಾಜಿಯಾಯಿತು. ವಿಡಿಯೋಗಳಲ್ಲಿ ಆ ಮಾತಿನಿಂದ ಕೆಟ್ಟದ್ದೇನೂ ನನಗೆ ಕಾಣಲಿಲ್ಲ.

ಹೆದರಿಕೆಯ ಅಳತೆಗೆ ನಮಗೆ ಸಿಕ್ಕಿದ್ದು ಮುದ್ದೆ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆಯೊಂದನ್ನು ತಂದು, ಮೊಸರಲ್ಲಿ ಕಲಸಿದ ಮುದ್ದೆ ತುಂಬಿ ಹೊರಡುವ ಮುಂಚೆ ಇಡುತ್ತಿದ್ದೆವು. ಹೆದರಿದ ಪ್ರಾಣಿಗೆ ಹಸಿವು ಗೊತ್ತಾಗುವುದಿಲ್ಲ. ಮುಟ್ಟದೆ ಹಾಗೇ ಇದ್ದರೆ ಆ ಹೊತ್ತು ಅದಕ್ಕೆ ಜಾಸ್ತಿಯಾಯಿತು ಅಂತ ಅರ್ಥ. ಮೂರನೇ ವಾರದ ಒಂದು ವಿಡಿಯೋದಲ್ಲಿ ನಾವು ಹೋದ ಹನ್ನೊಂದು ನಿಮಿಷವೂ ಲೊಚಲೊಚ ಅಂತ ನೆಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ರಾತ್ರಿ ಮೂವರೂ ಊಟಕ್ಕೆ ಕೂತು ಅದನ್ನೇ ಎರಡು ಸಲ ಕೇಳಿದೆವು.

ಜಾಗ ಬದಲಾಯಿಸಿದ್ದೂ ಉಪಯೋಗಕ್ಕೆ ಬಂತು. ಹಿಂದಿನ ಕೋಣೆ ಬಿಟ್ಟು, ಅದು ದಿನಾ ಮಲಗುವ ಹಾಲಿನ ಮೂಲೆಯಲ್ಲೇ ಇರಿಸಿದೆವು. ಆಲೆಮನೆಯಿಂದ ತಂದ ಗೋಣಿಚೀಲ, ಮೇಲೆ ಅತ್ತೆಯ ಹಳೇ ಸೀರೆಯ ತುಂಡು, ಒಗೆಯದ್ದು. ಮಿಕ್ಸಿ ವೈರು, ಸೊಳ್ಳೆ ಬತ್ತಿ, ಚಪ್ಪಲಿ ಎಲ್ಲ ಮೇಲಕ್ಕೆ ಹೋದವು. ಹೊಲಸು ಮಾಡಿದ ಜಾಗವನ್ನು ಫಿನಾಯಿಲ್‌ನಲ್ಲಿ ಒರೆಸಿದರೆ ನಮ್ಮ ಮೂಗಿಗೆ ಮಾತ್ರ ಸಮಾಧಾನ. ನಾಯಿಗೆ ಅಡಿಯಲ್ಲಿರುವ ಉಚ್ಚೆಯ ವಾಸನೆ ಸಿಗುತ್ತಲೇ ಇರುತ್ತದೆ, ಜೊತೆಗೆ ಕಾಲಿಗೆ ಅಂಟಿದ ಫಿನಾಯಿಲ್ ನೆಕ್ಕುತ್ತದೆ. ನೀರಿಗೆ ವಿನೆಗರ್ ಹಾಕಿ ತೊಳೆದೆವು. ಹೊರಡುವ ಮುಂಚೆ ಆಟ ಆಡಿಸಿ, ಹಿತ್ತಲಿಗೆ ಬಿಟ್ಟು, ನಿದ್ದೆ ಬರುವ ಹೊತ್ತು ನೋಡಿ ಬಾಗಿಲು ಹಾಕುತ್ತಿದ್ದೆವು. ಈ ವಯಸ್ಸಿನ ಮರಿ ದಿನದಲ್ಲಿ ಹೆಚ್ಚು ಕಮ್ಮಿ 18 ಗಂಟೆ ಮಲಗುತ್ತದೆ. ಆ ನಿದ್ದೆಯೊಳಗೇ ನಾವು ಹೋಗಿ ಬರುವುದು ಜಾಣತನ ಅಲ್ವಾ?

ಸಂಕ್ರಾಂತಿಯ ಏಟು

ಜನವರಿ ಎರಡನೇ ವಾರಕ್ಕೆ ನಲವತ್ತೈದು ನಿಮಿಷ ಮುಟ್ಟಿದ್ದೆವು. ಆಮೇಲೆ ಹಬ್ಬ ಬಂತು. ಬೆಳಿಗ್ಗೆಯಿಂದ ರಾತ್ರಿವರೆಗೆ ಎಳ್ಳು ಬೀರುವ ಮಕ್ಕಳು, ನೆಂಟರು, ಸಂಜೆ ಎತ್ತುಗಳನ್ನು ಕಿಚ್ಚು ಹಾಯಿಸುವ ಗದ್ದಲ, ತಮಟೆ. ಬೆಲ್ಲ ಎಲ್ಲರ ತೊಡೆಯ ಮೇಲೆ. ಮಾರನೇ ದಿನ ಎಲ್ಲರೂ ಹೋದರು. ಎಂದಿನಂತೆ ಅರ್ಧ ಗಂಟೆ ಬಿಟ್ಟು ಬಂದರೆ ಬಾಗಿಲಲ್ಲಿ ಹೊಸ ಗೀರು, ಮುದ್ದೆ ಹಾಗೇ ಇತ್ತು.

ನನಗೆ ಅವತ್ತು ಅಳು ಬಂತು. ಅತ್ತೆ ಹೊರಡಲು ನಾಲ್ಕು ದಿನ ಉಳಿದಿತ್ತು. ಆದರೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ತುಂಬಿದ ಮನೆ ಒಮ್ಮೆಲೇ ಖಾಲಿಯಾದದ್ದು ಅದಕ್ಕೆ ಮತ್ತೊಂದು ಗೃಹಪ್ರವೇಶದ ಭಾನುವಾರ. ಹಬ್ಬದ ದಿನ ನಡುವೆ ಒಂದೆರಡು ಸಲ ಅದನ್ನು ಅಡ್ಡಗೇಟಿನ ಒಳಗೆ ಮಲಗಲು ಬಿಡಬೇಕಿತ್ತು, ನಾವು ಬಿಡಲಿಲ್ಲ. ಐದು ನಿಮಿಷಕ್ಕೆ ಇಳಿದೆವು. ಮೊದಲು ಮೂರು ವಾರ ತೆಗೆದುಕೊಂಡದ್ದನ್ನು ಈ ಸಲ ನಾಲ್ಕು ದಿನದಲ್ಲಿ ದಾಟಿ ಮತ್ತೆ ನಲವತ್ತಕ್ಕೆ ಬಂತು. ಒಮ್ಮೆ ಕಲಿತದ್ದು ಪೂರ್ತಿ ಅಳಿಸಿಹೋಗಿರಲಿಲ್ಲ.

ಅತ್ತೆ ಹೋದ ಮೇಲೆ

ನಮಗೆ ಬೇಕಿದ್ದದ್ದು ನಾಲ್ಕು ಗಂಟೆ, ಕೈಯಲ್ಲಿದ್ದದ್ದು ನಲವತ್ತು ನಿಮಿಷ. ನಡುವಿನ ಕಂದಕ ತುಂಬಿದವರು ಎದುರುಮನೆ ದೊಡ್ಡಮ್ಮ, ಅವತ್ತು ಗೇಟಿನ ಹತ್ತಿರ ನಿಂತಿದ್ದವರೇ. ಅವರು ಮನೆಯಲ್ಲಿ ಹೂ ಕಟ್ಟಿ ಮಾರುತ್ತಾರೆ. "ನಿಮ್ ಹಾಲ್ನಲ್ಲೇ ಕೂತ್ಕಂಡು ಕಟ್ತೀನಿ ಬುಡವ್ವ, ಬಾಳೆನಾರಿಗೆ ಎಲ್ಲಾದ್ರೇನು" ಅಂದರು. ನಾನು ಒಂಬತ್ತೂಕಾಲಿಗೆ ಹೊರಟರೆ ಅವರು ಹತ್ತಕ್ಕೆ ಬರುತ್ತಿದ್ದರು. ನಡುವೆ ಎದ್ದು ತಮ್ಮ ಮನೆಗೆ ಹೋಗಿ ಬೇಕೆಂದೇ ಇಪ್ಪತ್ತು ನಿಮಿಷ, ಅರ್ಧ ಗಂಟೆ ಬಿಟ್ಟು ಬರುತ್ತಿದ್ದರು. ಶಾಲೆಯಲ್ಲಿ ಕೇಳಿಕೊಂಡು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಮನೆಗೆ ಬಂದು ಹೋಗುತ್ತಿದ್ದೆ. ನಮ್ಮ ಯಜಮಾನರು ಎರಡು ಶನಿವಾರ ರಜೆ ಹಾಕಿದರು.

ಫೆಬ್ರವರಿಯಲ್ಲಿ ಒಂದು ದಿನ ಚಪ್ಪಲಿ ಚೂರು ಚೂರಾಗಿತ್ತು. ಎಲ್ಲರೂ ಗಾಬರಿಯಾದೆವು. ಆದರೆ ಚಪ್ಪಲಿ ಇದ್ದದ್ದು ಹಾಲಿನ ನಡುವೆ, ಬಾಗಿಲಿನ ಹತ್ತಿರ ಒಂದು ಗೀರೂ ಇಲ್ಲ, ಮುದ್ದೆ ಖಾಲಿ. ಹತ್ತಿರದಲ್ಲೇ ಅಕ್ಕಿಕಾಳಿನಷ್ಟು ದೊಡ್ಡ ಹಾಲುಹಲ್ಲು ಬಿದ್ದಿತ್ತು. ಮರಿಗಳ 28 ಹಾಲುಹಲ್ಲು ನಾಲ್ಕು ತಿಂಗಳ ಸುಮಾರಿನಿಂದ ಬೀಳಲು ಶುರುವಾಗುತ್ತವೆ, ಆಗ ವಸಡು ಕೆರೆಯುತ್ತೆ. ಹೆದರಿಕೆಗೆ ಕೆರೆಯುವುದು ಬಾಗಿಲು, ಕಿಟಕಿಯಂಥ ಹೊರಹೋಗುವ ದಾರಿಯನ್ನು. ಹಲ್ಲಿಗೆ ಕಡಿಯುವುದು ಸಿಕ್ಕಿದ್ದನ್ನು. ಮೊದಲನೆಯದಕ್ಕೆ ಹೊತ್ತು ಇಳಿಸಬೇಕು. ಎರಡನೆಯದಕ್ಕೆ ಚಪ್ಪಲಿ ಎತ್ತಿಟ್ಟು ಕಡಿಯಲು ಬೇರೆ ಏನಾದರೂ ಕೊಟ್ಟರೆ ಮುಗಿಯಿತು.

ಮಾರ್ಚ್ ಹೊತ್ತಿಗೆ ಬೆಲ್ಲ ಐದೂವರೆ ತಿಂಗಳಿನದು. ಈಗ ಮೂರೂವರೆ ಗಂಟೆ ಒಂಟಿಯಾಗಿರುತ್ತದೆ, ಬಹುಪಾಲು ಗೋಣಿಚೀಲದ ಮೇಲೆ ಮಲಗಿ. ಕತ್ತಲಾದ ಮೇಲೆ ಇನ್ನೂ ಆಗುವುದಿಲ್ಲ. ಕರೆಂಟ್ ಹೋದರೆ ಎದ್ದು ಓಡಾಡುತ್ತದೆ. ಅದಕ್ಕೇ ರಾತ್ರಿ ಊಟದ ಸಮಾರಂಭಗಳಿಗೆ ನಾವಿಬ್ಬರಲ್ಲಿ ಒಬ್ಬರೇ ಹೋಗುತ್ತೇವೆ.

ಈಗ ನನಗಿರುವ ಯೋಚನೆ ಏಪ್ರಿಲ್‌ನದು. ಅತ್ತೆ ವಾಪಸ್ ಬರುತ್ತಾರೆ. ಬಂದ ಮೇಲೆ ಬೆಲ್ಲ ಮತ್ತೆ ಇಡೀ ದಿನ ಅವರ ಸೆರಗಿನ ಹಿಂದೆಯೇ ಸುತ್ತಿದರೆ ಕಲಿತದ್ದು ಮೆಲ್ಲಗೆ ಮಾಸಿಹೋಗುತ್ತದೆ. ಹೋದ ವಾರ ಫೋನಿನಲ್ಲಿ ಇದನ್ನು ಹೇಳಿದೆ. ಮಗುವಿಗೆ ಎಣ್ಣೆ ಹಚ್ಚುತ್ತಲೇ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನಾ ಒಂದ್ ಗಂಟೆ ಎದುರುಮನೆಗೆ ಹೂ ಕಟ್ಟಕ್ಕೆ ಹೋಯ್ತೀನಿ ಬುಡು. ಬೀಗದ ಕೈ ಎಲ್ಲಿ ನೇತಾಕ್ಬೇಕು ಅಂತ ಮಾತ್ರ ಬಂದ್ಮೇಲೆ ತೋರ್ಸು" ಅಂದರು.